ಕಫದಲ್ಲಿ ಕಾಣದ ಕ್ಷಯ

ಎಲೀನರ್ ರೂಸ್‌ವೆಲ್ಟ್ ತೀರಿಕೊಂಡದ್ದು ಕ್ಷಯದಿಂದ ಎಂದರೆ ಇಂದಿಗೂ ಹಲವರು ನಂಬುವುದಿಲ್ಲ. ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದವರು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷೆ, ನ್ಯೂಯಾರ್ಕ್‌ನ ಹೆಸರಾಂತ ಆಸ್ಪತ್ರೆಯ ತಜ್ಞರ ಆರೈಕೆಯಲ್ಲಿದ್ದ ರೋಗಿ. 1960ರಲ್ಲಿ ಅವರಿಗೆ ರಕ್ತಹೀನತೆ ಕಾಣಿಸಿತು. ಅಸ್ಥಿಮಜ್ಜೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ವೈದ್ಯರು ಹೇಳಿದರು. 1962ರಲ್ಲಿ ಸ್ಟೀರಾಯ್ಡ್ ಕೊಟ್ಟರು. ಜ್ವರ ಬಂತು, ಹೋಗಲಿಲ್ಲ. ಕೊನೆಗೆ ಬರೀ ಸಂಶಯದ ಮೇಲೆ ಕ್ಷಯದ ಮದ್ದು ಶುರುವಾಯಿತು. ಮಜ್ಜೆಯ ಮಾದರಿಯಲ್ಲಿ ಕ್ಷಯಾಣು ಬೆಳೆದಿದೆ ಎಂಬ ವರದಿ ಪ್ರಯೋಗಾಲಯದಿಂದ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ನವೆಂಬರ್ 7ರಂದು, 78ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ರೋಗ ಶ್ವಾಸಕೋಶದ ಗಡಿ ದಾಟಿ ಮೈತುಂಬ ಹರಡಿತ್ತು. ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಹಣ, ಪ್ರಯೋಗಾಲಯ, ತಜ್ಞರು ಎಲ್ಲವೂ ಇದ್ದ ಕಡೆಯೇ ಕ್ಷಯ ಹೀಗೆ ಕಣ್ಣು ತಪ್ಪಿಸಿತು. ಹಾಗಾದರೆ ಎಕ್ಸ್‌ರೇ ಯಂತ್ರವಿದ್ದರೂ ಅದನ್ನು ಓದುವವರಿಲ್ಲದ, ಪ್ರಯೋಗಾಲಯವೆಂದರೆ ಒಂದು ಕೋಣೆ ಮತ್ತು ಒಬ್ಬ ತಂತ್ರಜ್ಞ ಎಂಬಂತಿರುವ ಆಸ್ಪತ್ರೆಗಳಲ್ಲಿ ಏನಾಗುತ್ತಿರಬೇಕು? ನಮ್ಮ ಕ್ಷಯ ನಿಯಂತ್ರಣದ ಕಟ್ಟಡ ನಿಂತಿರುವುದು ಕೆಮ್ಮು ಮತ್ತು ಕಫದ ಮೇಲೆ. ಕೆಮ್ಮದವರು, ಕಫ ಬರದವರು, ಕಫದಲ್ಲಿ ರೋಗಾಣು ಇಲ್ಲದವರು ಈ ಕಟ್ಟಡದ ಹೊರಗೇ ಉಳಿದಿದ್ದಾರೆ. ಕಫದಲ್ಲಿ ಸಿಗದ್ದು ಕ್ಷಯವಲ್ಲ ಎಂಬ ರೂಢಿಯನ್ನು ನಾವು ಬಿಡದ ಹೊರತು ಈ ರೋಗ ನಮ್ಮನ್ನು ಬಿಡುವುದಿಲ್ಲ.

ಈ ರೂಢಿಗೆ ಶತಮಾನಕ್ಕೂ ಹಿಂದಿನ ಬೇರುಗಳಿವೆ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯಾಣುವನ್ನು ಲೋಕಕ್ಕೆ ತೋರಿಸಿದರು. ಅದಾದ ಮೇಲೆ ಜರ್ಮನಿಯಲ್ಲೇ ಸುಧಾರಿಸಿದ ಬಣ್ಣ ಹಾಕುವ ವಿಧಾನ ಇಂದಿಗೂ ನಮ್ಮ ಸಣ್ಣ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ತಂತ್ರಜ್ಞ ಗಾಜಿನ ಪಟ್ಟಿಯ ಮೇಲೆ ಕಫವನ್ನು ತೆಳುವಾಗಿ ಸವರುತ್ತಾರೆ, ಒಣಗಿಸುತ್ತಾರೆ, ಕೆಂಪು ಬಣ್ಣ ಸುರಿದು ಕೆಳಗಿನಿಂದ ಕಾಯಿಸುತ್ತಾರೆ. ಆವಿ ಏಳಬೇಕು, ಕುದಿಯಬಾರದು. ಆಮ್ಲದಿಂದ ತೊಳೆದ ಮೇಲೆ ನೀಲಿ ಬಣ್ಣ. ಕ್ಷಯಾಣುವಿನ ಮೈಮೇಲೆ ಮೇಣದಂಥ ಹೊದಿಕೆ ಇರುವುದರಿಂದ ಅದು ಒಮ್ಮೆ ಹಿಡಿದ ಕೆಂಪನ್ನು ಆಮ್ಲಕ್ಕೂ ಬಿಟ್ಟುಕೊಡುವುದಿಲ್ಲ. ಹೀಗಾಗಿ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ‘ಇಲ್ಲ’ ಎಂದು ಬರೆಯುವ ಮುನ್ನ ಕನಿಷ್ಠ ನೂರು ನೋಟಗಳನ್ನು ಸರಿಸಿ ಸರಿಸಿ ನೋಡಬೇಕು. ದಿನಕ್ಕೆ ಹತ್ತಾರು ಪಟ್ಟಿ ನೋಡುವ ಕಣ್ಣಿಗೆ ಇದು ಸಣ್ಣ ಶ್ರಮವಲ್ಲ.

ಅಷ್ಟು ಶ್ರದ್ಧೆಯಿಂದ ನೋಡಿದರೂ ಈ ವಿಧಾನಕ್ಕೆ ಒಂದು ಮಿತಿ ಇದೆ. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣುಗಳಾದರೂ ಇದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಶ್ವಾಸಕೋಶದಲ್ಲಿ ಗುಳಿ ಬಿದ್ದಿರುವ, ಜೋರಾಗಿ ಕೆಮ್ಮುವ ವಯಸ್ಕನಲ್ಲಿ ಅಷ್ಟು ಇರುತ್ತವೆ. ಎರಡು ವರ್ಷದ ಮಗುವಿನಲ್ಲಿ ಇರುವುದಿಲ್ಲ. ಎಚ್‌ಐವಿ ಇರುವವರಲ್ಲಿ ಹಲವೊಮ್ಮೆ ಇರುವುದಿಲ್ಲ. ಬೆನ್ನುಮೂಳೆಯಲ್ಲಿ, ಮಿದುಳಿನ ಪೊರೆಯಲ್ಲಿ, ಗರ್ಭಾಶಯದಲ್ಲಿ ಕ್ಷಯ ಕೂತಿದ್ದರೆ ಕಫಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ತಗುಲಿತು. ಹೊಸದಾಗಿ ಪತ್ತೆಯಾಗಿ ದಾಖಲಾದವರು 82 ಲಕ್ಷ. ಉಳಿದವರು ಎಲ್ಲಿ? ಕೆಲವರು ಲೆಕ್ಕಕ್ಕೆ ಸಿಗದೆ ಚಿಕಿತ್ಸೆ ಪಡೆದಿರಬಹುದು, ಹಲವರಿಗೆ ರೋಗ ಪತ್ತೆಯೇ ಆಗಿಲ್ಲ. ಆ ವರ್ಷ ಸತ್ತವರು 12.5 ಲಕ್ಷ. ಜಗತ್ತಿನ ಒಟ್ಟು ರೋಗಿಗಳಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಭಾರತದವರು.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆ ಇನ್ನೊಂದು ಕಹಿ ಸತ್ಯ ಹೇಳಿತು. ಎದೆಯ ಎಕ್ಸ್‌ರೇ ತೆಗೆಯದೆ, ಲಕ್ಷಣ ಕೇಳಿ ಮಾತ್ರ ಹುಡುಕಿದ್ದರೆ ಶೇ 42.6ರಷ್ಟು ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಅಂದರೆ ‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದವರಲ್ಲೂ ಕ್ಷಯ ಇತ್ತು. ಲಕ್ಷಣ ಇದ್ದವರಲ್ಲೂ ಶೇ 64ರಷ್ಟು ಜನ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ.

ಈ ಎರಡನೇ ಅಂಕಿಯನ್ನು ಹಿಡಿದು ‘ಜನರಿಗೆ ಅರಿವಿಲ್ಲ’ ಎನ್ನುವುದು ಸುಲಭ. ಆ ಮಾತನ್ನು ಅರವತ್ತು ವರ್ಷಗಳ ಹಿಂದೆಯೇ ಪರೀಕ್ಷೆಗೆ ಒಡ್ಡಿದ್ದು ನಮ್ಮದೇ ನೆಲದಲ್ಲಿ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದದ್ದು 1959ರಲ್ಲಿ. ಅಲ್ಲಿನ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಹಳ್ಳಿ ಸುತ್ತಿ ಎಕ್ಸ್‌ರೇ ತೆಗೆದರು, ಕಫ ಪರೀಕ್ಷಿಸಿದರು. ಸಮಾಜ ವಿಜ್ಞಾನದ ಕಣ್ಣಿದ್ದ ವೈದ್ಯ ದೇಬಬರ್ ಬ್ಯಾನರ್ಜಿ ಮತ್ತು ಡೆನ್ಮಾರ್ಕ್‌ನ ಸ್ಟಿಗ್ ಆಂಡರ್ಸನ್ ಅದೇ ರೋಗಿಗಳ ಮನೆಗೆ ಹೋಗಿ ಮಾತಾಡಿಸಿದರು. ನಿಮಗೇನಾಗಿದೆ, ಏನು ಮಾಡಿದಿರಿ, ಯಾರ ಹತ್ತಿರ ಹೋದಿರಿ? 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಂದಿನ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಸರಿ ಇಲ್ಲ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಸ್ಪತ್ರೆಯ ಮೆಟ್ಟಿಲು ಹತ್ತಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫ ಪರೀಕ್ಷೆಯ ಮಾತೇ ಬರಲಿಲ್ಲ.

ಈ ಅಧ್ಯಯನದಿಂದಲೇ ಭಾರತದ ಕ್ಷಯ ಕಾರ್ಯಕ್ರಮ ದೊಡ್ಡ ಸ್ಯಾನಿಟೋರಿಯಂಗಳ ಯೋಚನೆ ಬಿಟ್ಟು ಸಾಮಾನ್ಯ ಆರೋಗ್ಯ ಕೇಂದ್ರಗಳ ಕಡೆ ತಿರುಗಲು ಬಲ ಬಂತು. ಹಾಗೆಂದು ಕೆಮ್ಮಿನ ಸೀಸೆ ಹೋಗಲಿಲ್ಲ. 2014ರಲ್ಲಿ ದೆಹಲಿಯಲ್ಲಿ ಸಂಶೋಧಕರು ತರಬೇತಿ ಪಡೆದ ಜನರನ್ನು ರೋಗಿಗಳ ವೇಷದಲ್ಲಿ ಖಾಸಗಿ ಚಿಕಿತ್ಸಾಲಯಗಳಿಗೆ ಕಳಿಸಿದರು. ಕ್ಷಯದ ಲಕ್ಷಣಗಳನ್ನು ಇವರು ಚಾಚೂತಪ್ಪದೆ ಹೇಳಿದರು. 250 ಭೇಟಿಗಳಲ್ಲಿ ಸರಿಯಾದ ದಾರಿ ಹಿಡಿದದ್ದು 52 ಮಾತ್ರ. ಉಳಿದ ಕಡೆ ಹೆಚ್ಚಾಗಿ ಸಿಕ್ಕಿದ್ದು ಆ್ಯಂಟಿಬಯಾಟಿಕ್, ಕೆಮ್ಮಿನ ಸಿರಪ್, ಕೆಲವೊಮ್ಮೆ ಸ್ಟೀರಾಯ್ಡ್ ಕೂಡ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ಷಯ ಎಂದು ಗೊತ್ತಾಗುವ ಹೊತ್ತಿಗೆ ರೋಗಿ ಇಬ್ಬರು ಮೂವರು ವೈದ್ಯರನ್ನು ಕಂಡಿರುತ್ತಾನೆ, ಹತ್ತಿರ ಹತ್ತಿರ ಎರಡು ತಿಂಗಳು ಕಳೆದಿರುತ್ತದೆ. ಇದು ಕೆಮ್ಮುವ ರೋಗಿಯ ಪಾಡು. ಕೆಮ್ಮದ ರೋಗಿಯದು ಇನ್ನೂ ಉದ್ದದ ದಾರಿ.

ಮಕ್ಕಳಿಂದ ಶುರುಮಾಡಬೇಕು, ಯಾಕೆಂದರೆ ಅತಿ ಹೆಚ್ಚು ಅನ್ಯಾಯ ಆಗುತ್ತಿರುವುದು ಅವರಿಗೆ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 12ರಿಂದ 13 ಲಕ್ಷ ಮಕ್ಕಳಿಗೆ ಕ್ಷಯ ಬರುತ್ತದೆ, ಅವರಲ್ಲಿ ಅರ್ಧದಷ್ಟು ಮಕ್ಕಳು ಪತ್ತೆಯೇ ಆಗುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಕ್ಷಯದಿಂದ ಸಾಯುವ ಮಕ್ಕಳಲ್ಲಿ ಶೇ 96ರಷ್ಟು ಮಂದಿಗೆ ಚಿಕಿತ್ಸೆಯೇ ಶುರುವಾಗಿರುವುದಿಲ್ಲ. ಮದ್ದು ಸೋತು ಸತ್ತ ಮಕ್ಕಳು ಬಲು ಕಡಿಮೆ, ಹೆಸರೇ ಇಡದ ಕಾಯಿಲೆಯಿಂದ ಸತ್ತವರೇ ಹೆಚ್ಚು. ಸಾವಿನ ಪ್ರಮಾಣ ಪತ್ರದಲ್ಲಿ ನ್ಯುಮೋನಿಯಾ ಎಂದೋ ಅಪೌಷ್ಟಿಕತೆ ಎಂದೋ ಇರುತ್ತದೆ.

ಸಣ್ಣ ಮಗು ಕಫವನ್ನು ಉಗುಳುವುದಿಲ್ಲ, ನುಂಗುತ್ತದೆ. ಹಾಗಾಗಿ ದಶಕಗಳಿಂದ ವೈದ್ಯರು ಹಿಡಿದ ದಾರಿ ಹೊಟ್ಟೆಯಿಂದ ಆ ಕಫವನ್ನು ಹೊರತೆಗೆಯುವುದು. ರಾತ್ರಿಯಿಡೀ ಮಗುವಿಗೆ ಏನೂ ಕೊಡಬಾರದು. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ದ್ರವ ಎಳೆಯಬೇಕು. ಮಗು ಅಳುತ್ತದೆ, ತಾಯಿಯೂ ಅಳುತ್ತಾಳೆ. ಮರುದಿನ ಇದೇ ಮತ್ತೊಮ್ಮೆ. ಅದಕ್ಕಾಗಿ ಆಸ್ಪತ್ರೆಗೆ ಸೇರಿಸಬೇಕು, ನುರಿತ ನರ್ಸ್ ಬೇಕು. ಇಷ್ಟೆಲ್ಲ ಮಾಡಿದರೂ ಅತ್ಯುತ್ತಮ ಆಸ್ಪತ್ರೆಗಳಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳ ವರದಿ ‘ನೆಗೆಟಿವ್’ ಎಂದು ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ಮಾಡಲು ಸಾಧ್ಯವೂ ಇಲ್ಲ.

ನುಂಗಿದ ಕಫ ಹೊಟ್ಟೆಯಲ್ಲೇ ನಿಲ್ಲುವುದಿಲ್ಲವಲ್ಲ, ಮಲದಲ್ಲಿ ಹೊರಬರುತ್ತದೆ. ಇಷ್ಟು ಸರಳ ಸಂಗತಿಯನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಇಥಿಯೋಪಿಯಾದ ಆರೋಗ್ಯ ಕಾರ್ಯಕರ್ತರು ಮುಂಚೂಣಿಯವರು. ನೆದರ್‌ಲ್ಯಾಂಡ್ಸ್‌ನ ಕೆಎನ್‌ಸಿವಿ ಸಂಸ್ಥೆಯೊಂದಿಗೆ ಸೇರಿ ಅವರು ಒಂದೇ ಹೆಜ್ಜೆಯ ವಿಧಾನ ರೂಪಿಸಿದರು. ಒಂದು ಗ್ರಾಮಿಗೂ ಕಡಿಮೆ ಮಲವನ್ನು ಮರದ ಕಡ್ಡಿಯಿಂದ ತೆಗೆದು, ಮುಂದೆ ಹೇಳಲಿರುವ ಜೀನ್‌ಎಕ್ಸ್‌ಪರ್ಟ್ ಯಂತ್ರದ ಜೊತೆಗೇ ಬರುವ ದ್ರವದಲ್ಲಿ ಕಲಕಿ, ತಳ ಕಟ್ಟಲು ಬಿಟ್ಟು, ಮೇಲಿನ ತಿಳಿಯನ್ನು ಕಾರ್ಟ್ರಿಜ್‌ಗೆ ಹಾಕಿದರಾಯಿತು. ಬೇರೆ ಉಪಕರಣ ಬೇಡ, ನಳಿಕೆ ಬೇಡ, ಉಪವಾಸ ಬೇಡ. ಮಕ್ಕಳ ಮಲವನ್ನೂ ಪರೀಕ್ಷೆಯ ಮಾದರಿಯಾಗಿ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲೇ ಸೇರಿಸಿದೆ.

2022ರ ಮಾರ್ಗಸೂಚಿಯಲ್ಲಿ ಇದಕ್ಕಿಂತ ಮಹತ್ವದ ಇನ್ನೊಂದು ಮಾತಿದೆ. ಮಗುವಿನ ಕೆಮ್ಮು, ಜ್ವರ, ತೂಕ ಇಳಿಕೆ, ಮನೆಯಲ್ಲಿ ಕ್ಷಯ ರೋಗಿ ಇದ್ದಾರೆಯೇ ಎಂಬುದು, ಎಕ್ಸ್‌ರೇ ಇದ್ದರೆ ಅದರ ನೋಟ, ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸಿ ಚಿಕಿತ್ಸೆ ಶುರುಮಾಡುವ ನಿರ್ಧಾರ ತೆಗೆದುಕೊಳ್ಳುವ ಕ್ರಮವನ್ನು ಅದು ಕೊಟ್ಟಿದೆ. ಎಕ್ಸ್‌ರೇ ಇಲ್ಲದ ಊರಿಗೂ ಒಂದು ಪಟ್ಟಿ ಇದೆ. ರೋಗಾಣು ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಮಗುವನ್ನು ವಾಪಸು ಕಳಿಸಬೇಡಿ ಎಂಬುದು ಇದರ ತಿರುಳು. ಇದನ್ನು ಹಳ್ಳಿಯ ವೈದ್ಯಾಧಿಕಾರಿ ಧೈರ್ಯದಿಂದ ಬಳಸಬೇಕಾದರೆ ಮೇಲಧಿಕಾರಿಗಳ ಬೆಂಬಲ ಬೇಕು. ‘ಲ್ಯಾಬ್ ವರದಿ ಎಲ್ಲಿ?’ ಎಂದು ಗದರುವ ವ್ಯವಸ್ಥೆಯಲ್ಲಿ ಯಾವ ಕಿರಿಯ ವೈದ್ಯರೂ ಆರು ತಿಂಗಳ ಮದ್ದನ್ನು ಅಂದಾಜಿನ ಮೇಲೆ ಬರೆಯಲಾರರು.

ಇನ್ನು ಶ್ವಾಸಕೋಶದ ಹೊರಗಿನ ಕ್ಷಯ. ಭಾರತದಲ್ಲಿ ದಾಖಲಾಗುವ ರೋಗಿಗಳಲ್ಲಿ ಸರಿಸುಮಾರು ನಾಲ್ಕನೇ ಒಂದು ಭಾಗ ಇವರದೇ. ಕುತ್ತಿಗೆಯಲ್ಲಿ ಗಂಟು ಬಂದರೆ ನಮ್ಮ ಹಿರಿಯರು ಗಂಡಮಾಲೆ ಎನ್ನುತ್ತಿದ್ದರು, ಅದರಲ್ಲಿ ಬಹಳಷ್ಟು ಕ್ಷಯವೇ. ಬೆನ್ನುನೋವಿಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ, ಕಾಲು ಸ್ವಾಧೀನ ತಪ್ಪಿದ ಮೇಲೆ ಎಂಆರ್‌ಐಗೆ ಬರುವವರಿದ್ದಾರೆ. ಮಕ್ಕಳಾಗಲಿಲ್ಲ ಎಂದು ವರ್ಷಗಟ್ಟಲೆ ಅಲೆದ ಹೆಣ್ಣುಮಗಳ ಗರ್ಭನಾಳದಲ್ಲಿ ಕ್ಷಯ ಇತ್ತೆಂದು ಕೊನೆಗೆ ತಿಳಿಯುವುದುಂಟು. ಅಷ್ಟರಲ್ಲಿ ಆ ನಾಳ ಮುಚ್ಚಿಹೋಗಿರುತ್ತದೆ. ಕಾಯಿಲೆ ರೋಗಾಣುವಿನದು, ಮಾತು ಕೇಳಬೇಕಾದವಳು ಅವಳು.

ಇಲ್ಲಿ ಒಂದು ಸಣ್ಣ ತಪ್ಪು ಎಷ್ಟು ದುಬಾರಿ ಆಗುತ್ತದೆ ಎಂಬುದನ್ನು ಹೇಳಲೇಬೇಕು. ಕುತ್ತಿಗೆಯ ಗಂಟನ್ನೋ ಬೆನ್ನುಮೂಳೆಯ ಕೀವನ್ನೋ ಶಸ್ತ್ರಚಿಕಿತ್ಸಕರು ತೆಗೆಯುತ್ತಾರೆ. ರೂಢಿಯಂತೆ ಇಡೀ ತುಣುಕನ್ನು ಫಾರ್ಮಲಿನ್ ತುಂಬಿದ ಸೀಸೆಗೆ ಹಾಕಿ ರೋಗಶಾಸ್ತ್ರ ವಿಭಾಗಕ್ಕೆ ಕಳಿಸುತ್ತಾರೆ. ಫಾರ್ಮಲಿನ್ ರೋಗಾಣುವನ್ನು ಕೊಂದುಬಿಡುತ್ತದೆ. ಸೂಕ್ಷ್ಮದರ್ಶಕದಡಿ ‘ಕ್ಷಯವನ್ನು ಹೋಲುವ ಗಂಟು’ ಎಂಬ ವರದಿ ಬರುತ್ತದೆಯೇ ಹೊರತು ಅದನ್ನು ಬೆಳೆಸಿ ನೋಡುವ, ಯಾವ ಮದ್ದಿಗೆ ಜಗ್ಗುತ್ತದೆ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ತುಣುಕನ್ನು ಎರಡು ಮಾಡಿ ಅರ್ಧವನ್ನು ಬರೀ ಸಲೈನ್‌ನಲ್ಲಿ ಇಟ್ಟು ಅದೇ ದಿನ ಕಳಿಸಿದ್ದರೆ ಸಾಕಿತ್ತು. ಇದಕ್ಕೆ ಹೊಸ ಯಂತ್ರ ಬೇಡ, ಅನುದಾನ ಬೇಡ. ಶಸ್ತ್ರಚಿಕಿತ್ಸಾ ಕೊಠಡಿಯ ಗೋಡೆಗೆ ಒಂದು ಸೂಚನೆ, ನರ್ಸ್ ಕೈಗೆ ಎರಡು ಸೀಸೆ. ರಾಜ್ಯದ ಪ್ರತಿ ಆಸ್ಪತ್ರೆಯಲ್ಲೂ ನಾಳೆಯೇ ಮಾಡಬಹುದಾದ ಕೆಲಸ ಇದು.

ಮಿದುಳಿನ ಪೊರೆಯ ಕ್ಷಯ ಎಲ್ಲಕ್ಕಿಂತ ಕ್ರೂರಿ. ತಲೆನೋವು, ವಾಂತಿ, ಜ್ವರದಿಂದ ಶುರುವಾಗಿ ಕೆಲವೇ ವಾರಗಳಲ್ಲಿ ಪ್ರಜ್ಞೆ ತಪ್ಪುವ ಹಂತಕ್ಕೆ ಹೋಗುತ್ತದೆ. ಚಿಕಿತ್ಸೆ ಸಿಕ್ಕರೂ ಅನೇಕರು ಸಾಯುತ್ತಾರೆ, ಉಳಿದವರಲ್ಲಿ ಹಲವರಿಗೆ ಕೈಕಾಲು, ಕಣ್ಣು, ಕಿವಿಯ ಊನ ಉಳಿಯುತ್ತದೆ. ಬೆನ್ನಿನಿಂದ ತೆಗೆದ ದ್ರವದಲ್ಲಿ ರೋಗಾಣು ವಿರಳ. ಹಾಗಾಗಿ ಎಷ್ಟು ದ್ರವ ತೆಗೆದರು ಎಂಬುದೇ ವರದಿಯನ್ನು ನಿರ್ಧರಿಸುತ್ತದೆ. ಒಂದೆರಡು ಮಿಲಿಲೀಟರ್ ಸಾಲದು, ವಯಸ್ಕರಲ್ಲಿ ಆರಕ್ಕಿಂತ ಹೆಚ್ಚು ಬೇಕು ಎಂದು ತಜ್ಞರು ಹೇಳುತ್ತಾರೆ. ಹೆಚ್ಚಿನ ಕಡೆ ಅಷ್ಟು ತೆಗೆಯುವುದಿಲ್ಲ.

ವಿಯೆಟ್ನಾಂನ ಹೋಚಿಮಿನ್ ನಗರದ ಉಷ್ಣವಲಯ ರೋಗಗಳ ಆಸ್ಪತ್ರೆಯಲ್ಲಿ ಗೈ ಥ್ವೈಟ್ಸ್ ಮತ್ತು ಅವರ ವಿಯೆಟ್ನಾಮಿ ಸಹೋದ್ಯೋಗಿಗಳು 2002ರಲ್ಲಿ ಒಂದು ದಾರಿ ತೋರಿದರು. ರೋಗಿಯ ವಯಸ್ಸು, ಕಾಯಿಲೆ ಶುರುವಾಗಿ ಎಷ್ಟು ದಿನ, ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ, ಬೆನ್ನಿನ ದ್ರವದಲ್ಲಿ ಬಿಳಿ ಕಣಗಳ ಸಂಖ್ಯೆ, ಅವುಗಳಲ್ಲಿ ನ್ಯೂಟ್ರೋಫಿಲ್‌ಗಳ ಪಾಲು. ಈ ಐದನ್ನು ಕೂಡಿಸಿದರೆ ಕ್ಷಯದ ಮೆನಿಂಜೈಟಿಸ್ಸೋ ಬೇರೆ ಬ್ಯಾಕ್ಟೀರಿಯಾದ್ದೋ ಎಂದು ವಯಸ್ಕರಲ್ಲಿ ಬಹುಮಟ್ಟಿಗೆ ಹೇಳಬಹುದು. ಎಚ್‌ಐವಿ ಇರುವವರಲ್ಲಿ ಈ ಲೆಕ್ಕ ಅಷ್ಟು ನೆಚ್ಚಿಕೆಯದಲ್ಲ. ಆದರೂ ಸಾಧಾರಣ ಪ್ರಯೋಗಾಲಯವಷ್ಟೇ ಇರುವ ಆಸ್ಪತ್ರೆಯ ಮಟ್ಟಿಗೆ ಇದು ದೊಡ್ಡ ಬಲ. ಕಾಯುತ್ತ ಕೂತ ಪ್ರತಿ ದಿನ ರೋಗಿಯ ಮಿದುಳಿನ ಒಂದು ಪಾಲನ್ನು ತೆಗೆದುಕೊಂಡು ಹೋಗುವ ಕಾಯಿಲೆಯಲ್ಲಿ, ಸಂಶಯ ಬಲವಾಗಿದ್ದರೆ ಅದೇ ದಿನ ಮದ್ದು ಶುರುಮಾಡುವುದೇ ಧರ್ಮ.

ಎಚ್‌ಐವಿ ಇರುವವರಲ್ಲಿ ಮರೆಯಾದ ಕ್ಷಯದ ಪ್ರಮಾಣ ಗೊತ್ತಾದದ್ದು ಮರಣೋತ್ತರ ಪರೀಕ್ಷೆಗಳಿಂದ. ಹಲವು ದೇಶಗಳ ಇಂಥ ಅಧ್ಯಯನಗಳನ್ನು ಒಟ್ಟು ಸೇರಿಸಿದ 2015ರ ವಿಶ್ಲೇಷಣೆ ಹೇಳುವಂತೆ, ಎಚ್‌ಐವಿ ಸಂಬಂಧಿತ ಸಾವುಗಳಲ್ಲಿ ಸುಮಾರು ಶೇ 40ರಷ್ಟು ದೇಹಗಳಲ್ಲಿ ಕ್ಷಯ ಇತ್ತು. ಅದರಲ್ಲಿ ಅರ್ಧದಷ್ಟು ಮಂದಿಗೆ ಬದುಕಿದ್ದಾಗ ರೋಗ ಪತ್ತೆಯಾಗಿರಲೇ ಇಲ್ಲ. ಇವರಲ್ಲಿ ಕೆಲವರು ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದವರು.

ಹಾಸಿಗೆಯಿಂದ ಏಳಲಾಗದ, ಕಫ ಕೊಡಲಾಗದ ರೋಗಿಯೂ ಮೂತ್ರ ಕೊಡಬಲ್ಲ. ಕ್ಷಯಾಣುವಿನ ಹೊದಿಕೆಯ ಒಂದು ಅಂಶ ಮೂತ್ರದಲ್ಲಿ ಸೋರುತ್ತದೆ. ಅದನ್ನು ಹಿಡಿಯುವ ‘ಲ್ಯಾಮ್’ ಎಂಬ ಕಾಗದದ ಪಟ್ಟಿಯ ಮೇಲೆ ಕೆಲವು ಹನಿ ಮೂತ್ರ ಹಾಕಿದರೆ 25 ನಿಮಿಷದಲ್ಲಿ ಗೆರೆ ಮೂಡುತ್ತದೆ. ವಿದ್ಯುತ್ ಬೇಡ. ಆಫ್ರಿಕಾದ ನಾಲ್ಕು ದೇಶಗಳ ಹತ್ತು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಪಟ್ಟಿ ಬಳಸಿದ ರೋಗಿಗಳ ಎಂಟು ವಾರದೊಳಗಿನ ಸಾವು ಶೇ 25ರಿಂದ 21ಕ್ಕೆ ಇಳಿಯಿತು. ಒಂದು ರೋಗ ಪತ್ತೆ ಸಾಧನವೇ ಜೀವ ಉಳಿಸುತ್ತದೆ ಎಂದು ಪ್ರಯೋಗದಲ್ಲಿ ಸಾಬೀತಾಗುವುದು ಅಪರೂಪ, ಇದು ಅಂಥದ್ದು. ದಕ್ಷಿಣ ಆಫ್ರಿಕಾದ ಹ್ಲಾಬಿಸಾ ಎಂಬ ಗ್ರಾಮೀಣ ಆಸ್ಪತ್ರೆಯಲ್ಲಿ ಟಾಮ್ ಹೆಲ್ಲರ್ ಎಂಬ ವೈದ್ಯರು ಗರ್ಭಿಣಿಯರಿಗೆಂದು ಇಟ್ಟಿರುವಂಥ ಸಾಧಾರಣ ಅಲ್ಟ್ರಾಸೌಂಡ್ ಯಂತ್ರದಲ್ಲೇ ಹೃದಯದ ಸುತ್ತ ನೀರು, ಎದೆಗೂಡಿನಲ್ಲಿ ನೀರು, ಹೊಟ್ಟೆಯಲ್ಲಿ ಊದಿದ ಗ್ರಂಥಿ, ಗುಲ್ಮದಲ್ಲಿ ಸಣ್ಣ ಕೀವುಗುಳ್ಳೆ ಹುಡುಕುವ ಕಿರು ಕ್ರಮವೊಂದನ್ನು ರೂಪಿಸಿ ಇತರರಿಗೂ ಕಲಿಸಿದರು. ಎದೆಗೂಡಿನ ನೀರಿನಲ್ಲಿ ಎಡಿಎ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆ ಇನ್ನೂ ಅಗ್ಗ. ಇವೆಲ್ಲ ಇಂದು ಲಭ್ಯ. ಕೊರತೆ ಇರುವುದು ಕಲಿಸುವುದರಲ್ಲಿ, ಬಳಸುವುದರಲ್ಲಿ.

ಹಾಗಾದರೆ ಯಂತ್ರಗಳು? 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗ ಕ್ಷಯ ಲೋಕದಲ್ಲಿ ಹಬ್ಬದ ವಾತಾವರಣವಿತ್ತು. ಎರಡು ಗಂಟೆಯೊಳಗೆ ರೋಗಾಣು ಇದೆಯೇ, ಮುಖ್ಯ ಮದ್ದಾದ ರಿಫಾಂಪಿಸಿನ್‌ಗೆ ಅದು ಜಗ್ಗುವುದಿಲ್ಲವೇ ಎಂಬ ಎರಡೂ ಉತ್ತರ. ಸೂಕ್ಷ್ಮದರ್ಶಕಕ್ಕೆ ಸಾವಿರಗಟ್ಟಲೆ ರೋಗಾಣು ಬೇಕಾದಲ್ಲಿ ಇದಕ್ಕೆ ನೂರರ ಆಸುಪಾಸು ಸಾಕು, ನಂತರ ಬಂದ ‘ಅಲ್ಟ್ರಾ’ಗೆ ಇನ್ನೂ ಕಡಿಮೆ. ಆದರೆ ಯಂತ್ರಕ್ಕೆ ಕಡಿಯದ ವಿದ್ಯುತ್ ಬೇಕು, ತಂಪು ಕೋಣೆ ಬೇಕು, ವರ್ಷವರ್ಷವೂ ಹೊಂದಾಣಿಕೆ ಬೇಕು. ಒಂದು ಕಾರ್ಟ್ರಿಜ್‌ನ ಬೆಲೆ ಬಡ ದೇಶಗಳಿಗೆ 9.98 ಡಾಲರ್ ಎಂದು 2012ರಲ್ಲಿ ನಿಗದಿಯಾಯಿತು. ಐದು ಡಾಲರ್‌ಗೆ ಕೊಡಬಹುದು ಎಂದು ಆರೋಗ್ಯ ಹೋರಾಟಗಾರರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2023ರಲ್ಲಿ 7.97ಕ್ಕೆ ಇಳಿಯಿತು. ಈ ಹೋರಾಟ ನಿಲ್ಲಬಾರದು.

ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ಹುಟ್ಟಿ ಗೋವಾದ ಮೋಲ್‌ಬಯೋ ಕಂಪನಿಯ ಮೂಲಕ ಹೊರಬಂದ ‘ಟ್ರೂನ್ಯಾಟ್’ ಈ ಕೊರತೆಗಳಿಗೆ ನಮ್ಮ ನೆಲದ ಉತ್ತರ. ಬ್ಯಾಟರಿಯಲ್ಲಿ ನಡೆಯುತ್ತದೆ, ಮೇಜಿನ ಮೇಲೆ ಕೂರುತ್ತದೆ, ತಂಪು ಕೋಣೆ ಕೇಳುವುದಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಶಿಫಾರಸು ಮಾಡಿತು. ಕನ್ನಡ ನಾಡು ಹೆಮ್ಮೆಪಡಬೇಕಾದ ಸಾಧನೆ ಇದು.

ಹೆಮ್ಮೆಯ ಜೊತೆಗೆ ಒಂದು ಎಚ್ಚರವೂ ಇರಲಿ. ಜೀನ್‌ಎಕ್ಸ್‌ಪರ್ಟನ್ನು ಚಿಕಿತ್ಸಾಲಯದಲ್ಲೇ ಇಟ್ಟು ನರ್ಸ್‌ಗಳಿಂದ ನಡೆಸಿದ, ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ದೊಡ್ಡ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಬಂತು. ಅದೇ ದಿನ ಚಿಕಿತ್ಸೆ ಪಡೆದವರ ಸಂಖ್ಯೆ ಹೆಚ್ಚಿತು. ಆದರೆ ಆರು ತಿಂಗಳ ನಂತರ ರೋಗಿಗಳ ಆರೋಗ್ಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಯಾಕೆಂದರೆ ಅಲ್ಲಿನ ವೈದ್ಯರು ವರದಿ ಏನೇ ಇರಲಿ, ರೋಗಿಯನ್ನು ನೋಡಿ, ಎಕ್ಸ್‌ರೇ ನೋಡಿ, ಅನುಭವದ ಮೇಲೆ ಮದ್ದು ಶುರುಮಾಡುತ್ತಿದ್ದರು. ಯಂತ್ರ ಬೇಕು, ನಿಜ. ರೋಗಿಯ ಮುಂದೆ ಕೂತ ವೈದ್ಯರ ವಿವೇಚನೆಯ ಜಾಗವನ್ನು ಮಾತ್ರ ಅದು ತುಂಬಲಾರದು.

ಆ ವಿವೇಚನೆ ಇಲ್ಲದ ಕ್ಷಯವನ್ನು ಇದೆ ಎನ್ನುವ ಕಡೆಗೂ ತಪ್ಪಬಹುದು ಎಂಬುದನ್ನು ಮರೆಮಾಚಬಾರದು. ಶ್ರೀನಿವಾಸ ರಾಮಾನುಜನ್ ಅವರಿಗೆ ಇಂಗ್ಲೆಂಡಿನ ವೈದ್ಯರು ಕ್ಷಯ ಎಂದು ಚಿಕಿತ್ಸೆ ಮಾಡಿದರು. 1920ರಲ್ಲಿ 32ನೇ ವಯಸ್ಸಿಗೆ ಅವರು ತೀರಿಕೊಂಡರು. ದಾಖಲೆಗಳನ್ನು ಕೂಲಂಕಷವಾಗಿ ನೋಡಿದ ಸಂಶೋಧಕ ಡಿ.ಎ.ಬಿ. ಯಂಗ್ 1994ರಲ್ಲಿ, ಅದು ಬಹುಶಃ ಯಕೃತ್ತಿಗೆ ಹರಡಿದ ಅಮೀಬಾ ಸೋಂಕು ಎಂದು ವಾದಿಸಿದರು. ಆ ಕಾಲದಲ್ಲೂ ಚಿಕಿತ್ಸೆ ಇದ್ದ ಕಾಯಿಲೆ ಅದು. ಕಲ್ಲುಕ್ವಾರಿ, ಗಣಿಗಳ ಕಾರ್ಮಿಕರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣುತ್ತದೆ. ಅಂಥವರಿಗೆ ಕ್ಷಯ ಬರುವ ಅಪಾಯವೂ ಹೆಚ್ಚು, ಹಾಗಾಗಿ ಎರಡೂ ಒಟ್ಟಿಗೇ ಇರಬಹುದು. ಕೋಲಾರದ ಚಿನ್ನದ ಗಣಿಗಳ ಕಾಲದಿಂದಲೂ ನಮಗೆ ಗೊತ್ತಿರುವ ತೊಡಕು ಇದು. ನಿಮ್ಮ ಕೆಲಸ ಏನು ಎಂಬ ಒಂದು ಪ್ರಶ್ನೆ ಕೇಳದೆ ಎಕ್ಸ್‌ರೇ ಓದಬಾರದು.

ರಕ್ತ ಪರೀಕ್ಷೆಯ ಭ್ರಮೆಯನ್ನೂ ಬಿಡಬೇಕು. ಕ್ಷಯಕ್ಕೆಂದು ಖಾಸಗಿ ಲ್ಯಾಬ್‌ಗಳಲ್ಲಿ ನಡೆಯುತ್ತಿದ್ದ ಪ್ರತಿಕಾಯ ಪರೀಕ್ಷೆಗಳು ನಂಬಲರ್ಹವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸಾರಿತು. ಭಾರತ 2012ರಲ್ಲಿ ನಿಷೇಧಿಸಿತು. ಈಗಲೂ ಮಾಂಟೂ ಚುಚ್ಚುಮದ್ದಿನ ಪರೀಕ್ಷೆಯನ್ನೋ ಇನ್ನೊಂದು ದುಬಾರಿ ರಕ್ತ ಪರೀಕ್ಷೆಯನ್ನೋ ಹಿಡಿದು ‘ಟಿ.ಬಿ. ಇದೆ’ ಎನ್ನುವವರಿದ್ದಾರೆ. ಮೈಯಲ್ಲಿ ಯಾವಾಗಲೋ ರೋಗಾಣು ಹೊಕ್ಕಿದೆ ಎಂಬುದನ್ನಷ್ಟೇ ಅವು ಹೇಳುತ್ತವೆ, ಈಗ ಕಾಯಿಲೆ ಇದೆ ಎಂದಲ್ಲ. ಇನ್ನೊಂದು ಕೆಟ್ಟ ರೂಢಿ, ಕ್ಷಯದ ಸಂಶಯ ಇರುವವರಿಗೆ ಫ್ಲೋರೋಕ್ವಿನೊಲೋನ್ ಗುಂಪಿನ ಆ್ಯಂಟಿಬಯಾಟಿಕ್ ಬರೆಯುವುದು. ಅದು ಕ್ಷಯಾಣುವನ್ನು ಅರ್ಧಂಬರ್ಧ ಹಣಿಯುತ್ತದೆ, ಜ್ವರ ಇಳಿಸುತ್ತದೆ, ಪರೀಕ್ಷೆಯಿಂದ ರೋಗವನ್ನು ಮರೆಮಾಡುತ್ತದೆ, ಮದ್ದಿಗೆ ಜಗ್ಗದ ತಳಿಯನ್ನು ಸಾಕುತ್ತದೆ.

ಕರ್ನಾಟಕದ ಮಟ್ಟಿಗೆ ಕೇಳಬೇಕಾದ್ದು ಆಕಾಶದ ಚಂದ್ರನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕಫದ ಜೊತೆಗೆ ಗಂಟಿನ ಕೀವು, ಎದೆಯ ನೀರು, ಬೆನ್ನಿನ ದ್ರವ, ಮಗುವಿನ ಮಲವನ್ನೂ ತೆಗೆದುಕೊಂಡು ಅದೇ ದಿನ ಯಂತ್ರವಿರುವ ಕಡೆ ತಲುಪಿಸುವ ವ್ಯವಸ್ಥೆ ಬೇಕು. ಮಾದರಿ ಪ್ರಯಾಣ ಮಾಡಲಿ, ರೋಗಿಯಲ್ಲ. ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿ ಜಿಲ್ಲಾ ಕೇಂದ್ರಕ್ಕೆ ಹೋಗು ಎಂದರೆ ಅರ್ಧ ಜನ ಅಲ್ಲೇ ನಿಂತುಬಿಡುತ್ತಾರೆ. ತೀವ್ರ ಕಾಯಿಲೆಯಿಂದ ದಾಖಲಾಗುವ ಎಚ್‌ಐವಿ ರೋಗಿಗಳಿಗೆ ಮೂತ್ರದ ಪಟ್ಟಿ ಕೈಗೆಟುಕುವಲ್ಲಿ ಇರಬೇಕು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಅಭಿಯಾನದ ಫೋಟೊಗಳಿಗೆ ಸೀಮಿತವಾಗದೆ ಕ್ವಾರಿಗೂ ಹಾಡಿಗೂ ಹೋಗಬೇಕು. ಅದರ ಚಿತ್ರವನ್ನು ಕಂಪ್ಯೂಟರ್ ಓದಬಹುದು ಎಂದು 2021ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ, ಆದರೆ 15 ವರ್ಷಕ್ಕಿಂತ ಕೆಳಗಿನವರಿಗೆ ಆ ಒಪ್ಪಿಗೆ ಇಲ್ಲ ಎಂಬುದನ್ನು ನೆನಪಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ನೆಗೆಟಿವ್’ ಬಂದ ರೋಗಿಯನ್ನು ಎರಡು ವಾರದ ನಂತರ ಮತ್ತೆ ಕರೆದು ನೋಡುವುದು ಕಡ್ಡಾಯವಾಗಬೇಕು. ಪತ್ತೆಯಾದವರನ್ನು ಎಣಿಸುವ ಇಲಾಖೆ, ನೆಗೆಟಿವ್ ಎಂದು ಮನೆಗೆ ಹೋದವರಲ್ಲಿ ಎಷ್ಟು ಮಂದಿ ಮರಳಿ ಬಂದರು ಎಂಬುದನ್ನೂ ಎಣಿಸಲಿ.

ಓದುಗರಿಗೂ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಜ್ವರ, ಕಾರಣವಿಲ್ಲದ ತೂಕ ಇಳಿಕೆ, ರಾತ್ರಿ ಬೆವರು, ಕರಗದ ಗಂಟು, ರಾತ್ರಿ ಹೆಚ್ಚುವ ಬೆನ್ನುನೋವು ಇದ್ದರೆ, ಕಫದ ವರದಿ ನೆಗೆಟಿವ್ ಎಂದು ಸುಮ್ಮನಾಗಬೇಡಿ. ಮತ್ತೆ ಹೋಗಿ. ಎಕ್ಸ್‌ರೇ ತೆಗೆದಿದ್ದೀರಾ, ಗಂಟಿನಿಂದ ತೆಗೆದ ಮಾದರಿ ಕ್ಷಯದ ಪರೀಕ್ಷೆಗೂ ಹೋಗಿದೆಯೇ ಎಂದು ಕೇಳಿ. ಮನೆಯಲ್ಲಿ ಒಬ್ಬರಿಗೆ ಕ್ಷಯ ಇದ್ದರೆ ಎಲ್ಲ ಮಕ್ಕಳನ್ನೂ ತೋರಿಸಿ, ಅವರು ಆಡಿಕೊಂಡಿದ್ದರೂ ಸರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಮದ್ದು ಎರಡೂ ಉಚಿತ. 2024ರ ನವೆಂಬರ್‌ನಿಂದ ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ನಿಕ್ಷಯ್ ಸಹಾಯವಾಣಿಯ ಸಂಖ್ಯೆ 1800-11-6666, ಕರೆಗೆ ಹಣ ಕಡಿತವಿಲ್ಲ.